ಒಂದೇ ಕಡೆ ಒರೆಸಿಕೊಂಡ ಮೂಗು

ನನ್ನ ಹಿರಿಯ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಯಾರನ್ನು ನೋಡುವಾಗಲೂ ಸೂಜಿಗೆ ದಾರ ಪೋಣಿಸುವವರಂತೆ ಎಡಗಣ್ಣನ್ನು ಕಿರಿದು ಮಾಡುತ್ತಿದ್ದಳು. ಬೈಲಹೊಂಗಲದ ನಮ್ಮ ಮನೆಯಲ್ಲಿ ಮೂವತ್ತೆಂಟು ವರ್ಷ ಆ ಕಣ್ಣಿನ ಎದುರಿಗೇ ಕುಳಿತು ಉಂಡವಳು ನಾನು. ಅದರಲ್ಲಿ ಅಕ್ಕರೆಯಿತ್ತೋ ತನಿಖೆಯಿತ್ತೋ, ಇಂದಿಗೂ ಖಚಿತವಾಗಿ ಹೇಳಲಾರೆ.

ಸಂಶಯಕ್ಕೆ ಕಾರಣವಿತ್ತು. ಮದುವೆಯಾಗಿ ನಾನು ಹೊಸ್ತಿಲು ದಾಟಿದ ದಿನ, ಬಾಗಿಲಲ್ಲಿ ನೆರೆದ ಹೆಂಗಸರಿಗೆಲ್ಲ ಕೇಳುವಂತೆ ಆಕೆ, "ಸೊಸಿಗಿಂತ ಮೊದಲ ಸೊಸಿ ಹಲ್ಲ ಒಳಗ ಬಂದುವಲ್ಲಬೇ" ಎಂದಿದ್ದಳು. ನನ್ನ ಮೇಲ್ಸಾಲಿನ ಹಲ್ಲು ತುಸು ಮುಂದಿದ್ದುದು ನಿಜ. ಅದನ್ನು ಅಂದು, ಅಲ್ಲಿ ಹೇಳಬೇಕಾಗಿರಲಿಲ್ಲ. ಆಗ ಆಕೆ ಉಟ್ಟಿದ್ದ ಸೀರೆಯ ದಡಿಯ ಬಣ್ಣವೂ ನನಗೆ ನೆನಪಿದೆ. ಕನ್ನಡ ಶಾಲೆಯಲ್ಲಿ ಹಾಜರಿ ಕರೆದೇ ನಿವೃತ್ತಳಾದವಳು ನಾನು; ಮರೆಯುವುದು ನನ್ನ ಅಭ್ಯಾಸವಲ್ಲ.

ಆರು ವರ್ಷಗಳ ಹಿಂದೆ ಬಲಗಡೆಯ ಮೇಲಿನ ದವಡೆ ಹಲ್ಲನ್ನು ಪೇಟೆಯ ದಂತವೈದ್ಯನೊಬ್ಬನಿಂದ ಕೀಳಿಸಿದೆ. ಬೇರು ಬಹಳ ಉದ್ದವಿತ್ತೆಂದು ಹೇಳಿ, ಹತ್ತಿ ಕಚ್ಚಿಸಿ, ನನ್ನ ಮುಖ ನೋಡದೆ ಕಳುಹಿಸಿದ. ಆಗಲೇ ನನಗೆ ಅನುಮಾನ. ಮೂರನೆಯ ದಿನ ಉಪ್ಪುನೀರು ಮುಕ್ಕಳಿಸಿದರೆ, ಬಾಯಲ್ಲಿದ್ದ ನೀರು ಬಲ ಹೊಳ್ಳೆಯಿಂದ ಇಳಿಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಹಲ್ಲಿನ ಹಳೆಯ ಮಾತು ಮತ್ತೆ ಎದ್ದೀತು.

ಅಂದಿನಿಂದ ನೆಗೆಣ್ಣಿ ಊಟದ ಹೊತ್ತಿಗೆ ನನ್ನ ಬಟ್ಟಲಿಗೆ ತಾನೇ ಮಜ್ಜಿಗೆ ಸುರಿಯತೊಡಗಿದಳು.

"ಕುಡಿ."

"ಒಲ್ಲೆಕ್ಕ."

"ಯಾಕ? ದಿನಾ ಎರಡ ಬಟ್ಟಲಾ ಕುಡಿಯಾಕಿ."

ಕುಡಿದೆ. ಆಕೆ ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು.

"ಮೂಗಿಗೇನಾಗೇತಿ?"

"ನೆಗಡಿ."

ಸೊಸೆಯಂದಿರ ಮುಂದೆ ನನ್ನನ್ನು ನಗೆಗೀಡು ಮಾಡುವ ಹಂಚಿಕೆ ಇದೆಂದು ನನಗೆ ಖಾತ್ರಿಯಾಯಿತು. ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಅಷ್ಟರಲ್ಲಿ ಕೆನ್ನೆ ಭಾರವಾಯಿತು, ಬಗ್ಗಿದರೆ ಕಣ್ಣಿನ ಕೆಳಗೆ ಸಿಡಿಯುತ್ತಿತ್ತು, ನನ್ನ ಉಸಿರು ನನಗೇ ನಾರತೊಡಗಿತು. ಹನ್ನೊಂದನೆಯ ದಿನ ಆಕೆ ಕೈಯಲ್ಲಿ ಚೀಲ ಹಿಡಿದು ಬಂದು ನಿಂತಳು. "ಸೀರಿ ಬದಲಸು. ಬೆಳಗಾವಿಗೆ ಹೋಗೂಣು."

ನಾವು ಕಾಣಲಿದ್ದ ಕಿವಿ, ಮೂಗು, ಗಂಟಲಿನ ವೈದ್ಯೆ ಆಕೆಯ ತವರಾದ ಚಚಡಿಯ ಕಡೆಯವರೆಂಬುದು ಬಸ್ಸಿನಲ್ಲಿ ತಿಳಿಯಿತು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆಂದು ಎಣಿಸಿದೆ. ಆದ್ದರಿಂದ, ಕುಡಿದದ್ದು ಮೂಗಿನಲ್ಲಿ ಬರುತ್ತದೆಯೇ ಎಂದು ವೈದ್ಯೆ ಕೇಳಿದಾಗ, "ಇಲ್ರಿ" ಎಂದೆ.

"ಸುಳ್ಳ ಹೇಳತಾಳ್ರಿ," ಎಂದಳು ನೆಗೆಣ್ಣಿ. ಹೊರಗೆ ಸರದಿಯಲ್ಲಿದ್ದವರಿಗೂ ಕೇಳಿಸಿರಬೇಕು. "ಮಜ್ಜಿಗಿ ಕುಡದ ಕೂಡಲೇ ಸೆರಗಿಲೆ ಮೂಗ ಒರಸ್ಕೋತಾಳ. ಬಲಗಡಿ ಒಂದ. ನೆಗಡಿ ಆದಾಕಿ ಎರಡೂ ಕಡಿ ಒರಸ್ಕೋಬೇಕಲ್ರಿ?"

ವೈದ್ಯೆ ನನ್ನ ಮೂಗು ಹಿಡಿಸಿ, ಬಾಯಿ ತೆರೆಸಿ, ಮೂಗಿನೊಳಗೇ ಮೆಲ್ಲಗೆ ಊದಲು ಹೇಳಿದರು. ಹಲ್ಲು ಕಿತ್ತ ಕುಳಿಯಲ್ಲಿ ಗುಳ್ಳೆಗಳೆದ್ದವು. ಹಲ್ಲಿನ ಬೇರು ಕೆನ್ನೆಯೆಲುಬಿನೊಳಗಿನ ಗಾಳಿಗೂಡಿಗೆ, ಅಂದರೆ ಸೈನಸ್ಸಿಗೆ, ಆತುಕೊಂಡಿತ್ತಂತೆ. ಕಿತ್ತಾಗ ನಡುವಿನ ತೆಳು ಪದರ ಹರಿದು, ಒಳಗೆ ಕೀವು ತುಂಬಿತ್ತು. ಇನ್ನೂ ಮುಚ್ಚಿಟ್ಟಿದ್ದರೆ ಬಲಗಣ್ಣಿಗೆ ಅಪಾಯವಿತ್ತೆಂದರು. ಇದು ಕಿತ್ತವರ ತಪ್ಪಲ್ಲ, ಬೇರಿನ ಸ್ವಭಾವ ಎಂದೂ ಹೇಳಿದರು. ಆ ಎರಡನೆಯ ಮಾತನ್ನು ನಾನು ಒಪ್ಪಿಲ್ಲ.

ಕೀವು ತೆಗೆದು, ಒಸಡನ್ನು ಎಳೆದು ರಂಧ್ರ ಹೊಲಿದರು. ಹೊಲಿಗೆ ಕೂಡುವವರೆಗೆ ಮೂಗಿನಿಂದ ಜೋರಾಗಿ ಗಾಳಿ ಊದುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ನನ್ನ ಮೂಗು ಅರಳುವುದನ್ನು ಕಂಡರೆ ಸಾಕು, ನೆಗೆಣ್ಣಿ ಅಡುಗೆಮನೆಯಿಂದಲೇ, ಬಂದವರು ಹೋದವರು ಯಾರಿದ್ದರೂ ಲೆಕ್ಕಿಸದೆ, "ಬಾಯಿ ತಗಿ, ಬಾಯಿ ತಗಿ" ಎಂದು ಕೂಗುತ್ತಿದ್ದಳು. ಒಮ್ಮೆ ನಾನು ಸಿಟ್ಟಾದಾಗ ಅಂದಳು: "ಇಷ್ಟ ವರ್ಷ ಬಾಯಿ ಮುಚ್ಚ ಅಂದೆ, ಕೇಳಲಿಲ್ಲ. ಈಗ ತಗಿ ಅಂತೇನಿ, ಅದನೂ ಕೇಳವಲ್ಲಿ." ಸೊಸೆಯಂದಿರು ನಕ್ಕರು. ಹೊಲಿಗೆಗೆ ನೋವಾಗದಂತೆ ನಾನೂ ಸ್ವಲ್ಪ ನಕ್ಕೆ.

ಕಳೆದ ವರ್ಷ ಒಂದು ಮುಂಜಾನೆ ಚಹಾ ಕುಡಿಯುವಾಗ ಆಕೆಯ ತುಟಿಯ ಎಡಮೂಲೆಯಿಂದ ಹನಿ ಇಳಿಯಿತು. ಸೆರಗಿನಿಂದ ಒರೆಸಿಕೊಂಡಳು. ಎಡಗಡೆ ಮಾತ್ರ.

"ಏನ ನೋಡತೀ?"

"ಏನಿಲ್ಲಕ್ಕ."

ಹೇಳಿದರೆ, ನಾನು ಹಳೆಯ ಮಾತಿಗೆ ಸೇಡು ತೀರಿಸಿಕೊಳ್ಳುತ್ತಿದ್ದೇನೆಂದು ಆಕೆ ತಿಳಿದಾಳೆಂದು ಸುಮ್ಮನಾದೆ. ಮಧ್ಯಾಹ್ನ ಸಾರೂ ಹಾಗೆಯೇ ಇಳಿಯಿತು. ಆಗಲೂ ಸುಮ್ಮನಿದ್ದೆ. ಸಂಜೆ ಮಾತು ತೊದಲಿದ ಮೇಲೆ ಮನೆಯವರೆಲ್ಲ ಎದ್ದರು. ಆಸ್ಪತ್ರೆಯಲ್ಲಿ, ಯಾವಾಗಿನಿಂದ ಹೀಗಾಗಿದೆ ಎಂದು ವೈದ್ಯರು ಕೇಳಿದರು.

"ಈಗ, ಸಂಜಿಕ," ಎಂದ ಆಕೆಯ ಮಗ.

"ಅಲ್ರಿ," ಎಂದೆ. "ಮುಂಜಾನೆ ಚಹಾದ ಹೊತ್ತಿಗೇ."

ವೈದ್ಯರು ಗಡಿಯಾರ ನೋಡಿದರು; ಲಕ್ವಾಕ್ಕೆ ಕೊಡುವ ಸೂಜಿಮದ್ದಿನ ಹೊತ್ತು ಮೀರಿತ್ತಂತೆ. ನೆಗೆಣ್ಣಿ ಮಲಗಿದಲ್ಲಿಂದ ನನ್ನತ್ತ ತಿರುಗಿದಳು. ಎಡಗಣ್ಣು ಕಿರಿದಾಗಲಿಲ್ಲ. ಐದನೆಯ ದಿನ ತೀರಿಕೊಂಡಳು.

ಬೆಳಗಾವಿಯಲ್ಲಿ ಪರರೆದುರು ನನ್ನನ್ನು ಸುಳ್ಳುಗಾತಿ ಮಾಡಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಆ ಮಾತಿನಿಂದಲೇ ನನ್ನ ಬಲಗಣ್ಣು ಉಳಿದಿದೆ. ಆಕೆಗಾಗಿ ನಾನು ಆಡಬೇಕಾಗಿದ್ದ ಅಂಥದೇ ಒಂದು ಮಾತು ಮುಂಜಾನೆಯಿಂದ ಸಂಜೆಯವರೆಗೆ ನನ್ನ ಬಾಯಲ್ಲೇ ಉಳಿಯಿತು.