ಕ್ಯಾನಿಗೆ ತುಂಬಿದ ನಲ್ಲಿ ನೀರು

ಇವತ್ತು ಬೆಳಿಗ್ಗೆ ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರಿನ ಹೊಸ ಕ್ಯಾನ್ ತೆರೆದೆ. ಮುಚ್ಚಳದ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದದ್ದೇ ಹಾಗೇ ನಿಂತುಬಿಟ್ಟೆ. ಶಿಕಾರಿಪುರದ ಕಾಲೇಜಿನ ನಮ್ಮ ಅಟೆಂಡರು ಕಣ್ಣ ಮುಂದೆ ಬಂದರು... ತೋಳು ಮಡಿಚಿದ ಖಾಕಿ ಅಂಗಿ, ಹೆಗಲ ಮೇಲೆ ಒದ್ದೆ ಟವೆಲ್ಲು.

ಆಗ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಜಡೆ ಎಂಬ ಊರಿನ ನಮ್ಮ ಮನೆಗೆ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಸಾಲದೆ ಕೂಸಿಗೆ ಬೋರ್‌ವೆಲ್ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸುತ್ತಿದ್ದೆವು. ಕೂಸಿನ ತುಟಿ ಆಗಾಗ ನೀಲಿಗಟ್ಟುತ್ತಿತ್ತು. ನೀರಿನಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಹೀಗಾಗಬಹುದು, ಕಾಯಿಸಿದರೂ ಅದು ಹೋಗುವುದಿಲ್ಲ, ಬೇಗ ಪರೀಕ್ಷೆ ಮಾಡಿಸಿ ಎಂದಿದ್ದರು ಡಾಕ್ಟರು. ನಾನೇ ಮಾಡುತ್ತೇನೆ ಎಂದು ಜಂಬದಿಂದ ಒಂದು ಬಾಟಲಿ ನೀರು ಹಿಡಿದು ಕಾಲೇಜಿಗೆ ಹೋದೆ.

ಲ್ಯಾಬಿನ ಯಂತ್ರ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನೀರಿನ ಮೂಲಕ ಹಾಯಿಸುತ್ತದೆ. ನೈಟ್ರೇಟ್ ಹೆಚ್ಚಿದ್ದಷ್ಟೂ ನೀರು ಹೆಚ್ಚು ಬೆಳಕನ್ನು ನುಂಗುತ್ತದೆ, ಆಚೆ ಬರುವುದು ಕಡಿಮೆ. ಮೊದಲು ಶುದ್ಧ ನೀರಿಟ್ಟು ಸೊನ್ನೆ ಮಾಡಿಕೊಳ್ಳಬೇಕು. ಕ್ಯಾನಿನ ನೀರಿಟ್ಟು ಸೊನ್ನೆ ಮಾಡಿದೆ, ಆಮೇಲೆ ಮನೆಯ ನೀರಿಟ್ಟೆ. ಹೆಚ್ಚುಕಡಿಮೆ ಸೊನ್ನೆಯೇ ಬಂತು. ಕೂಸಿನ ವಿಷಯವೆಲ್ಲ ಅಟೆಂಡರಿಗೆ ಹೇಳಿ, ಸದ್ಯ ನೀರಿನದೇನೂ ಇಲ್ಲ ಎಂದು ಕುಣಿಯುತ್ತಾ ಊರ ಬಸ್ಸು ಹತ್ತಿದೆ. ಅವರು ಪ್ರನಾಳ ತೊಳೆಯುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಅಟೆಂಡರು ನಮ್ಮ ಅಂಗಳದಲ್ಲಿದ್ದರು. ಅಕ್ಕ ಹಾಲಿನ ಬಾಟಲಿಯನ್ನು ಕೂಸಿನ ಬಾಯಿಗಿಡುತ್ತಿದ್ದಳು.

“ಕೂಸಿಗೆ ಆ ನೀರು ಕೊಡಬ್ಯಾಡ್ರವ್ವ,” ಎಂದರು ಏದುಸಿರು ಬಿಡುತ್ತಾ. “ಡಿಸ್ಟಿಲ್ಡ್ ವಾಟರ್ ಮಾಡೋ ಮಿಷಿನ್ ಸುಟ್ಟಿತ್ತು. ಪ್ರಾಕ್ಟಿಕಲ್ ನಿಲ್ಲಬಾರದು ಅಂತ ಕ್ಯಾನಿಗೆ ನಲ್ಲಿ ನೀರು ತುಂಬಿಟ್ಟಿದ್ದೆ.”

ಕಾಲೇಜಿನ ನಲ್ಲಿಯದೂ ಬೋರ್‌ವೆಲ್ ನೀರೇ, ಅದರಲ್ಲೂ ಅಷ್ಟೇ ನೈಟ್ರೇಟ್. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕದ ಕಲ್ಲಿಟ್ಟ ಹಾಗಾಗಿತ್ತು. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಮತ್ತೆ ನೋಡಿದೆ. ಅಂಕಿ ಎಲ್ಲಿಗೋ ಜಿಗಿಯಿತು. ಅವತ್ತೇ ನೀರು ಬದಲಾಯಿಸಿದೆವು, ಕೂಸು ಉಳಿಯಿತು.

ನಡೆದದ್ದನ್ನು ಬರೆದುಕೊಡು ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು. ಕೋಪ ನೆತ್ತಿಗೇರಿತ್ತು. ಕ್ಯಾನಿಗೆ ನಲ್ಲಿ ನೀರು ತುಂಬಿದ್ದು, ಕೂಸಿನ ಜೀವಕ್ಕೆ ಕುತ್ತು ಬಂದದ್ದು, ಎಲ್ಲವನ್ನೂ ಬರೆದೆ. ಅಟೆಂಡರು ಮೊದಲ ಬಸ್ಸಿಗೆ ಬಂದ ಮಾತನ್ನು ಮಾತ್ರ ಬೇಕೆಂದೇ ಬಿಟ್ಟೆ. ಅವರದು ಟೆಂಪರವರಿ ಕೆಲಸ. ಮರುತಿಂಗಳಿಂದ ಬರಬೇಡ ಎಂದರಂತೆ. ಕೊನೆಯ ದಿನ ಕಾರಿಡಾರಿನಲ್ಲಿ ಎದುರಾದಾಗ, “ಕೂಸು ಹೆಂಗೈತವ್ವ?” ಎಂದಷ್ಟೇ ಕೇಳಿದರು. ನಾನು ತಲೆಯಾಡಿಸಿ ಮುಂದೆ ಹೋದೆ. ಎಂಥಾ ಕಲ್ಲು ಮನಸ್ಸು ನನ್ನದು...

ಅವರು ತೀರಿಕೊಂಡದ್ದು ಮೊನ್ನೆ ಗೊತ್ತಾಯಿತು. ಆ ಕೂಸು ಈಗ ಹೈಸ್ಕೂಲಿನಲ್ಲಿದ್ದಾಳೆ. ಹೊಸ ಕ್ಯಾನಿನ ನೀರನ್ನು ಮೊದಲು ಪರೀಕ್ಷಿಸದೆ ಇವತ್ತಿಗೂ ನಾನು ಸೊನ್ನೆ ಮಾಡುವುದಿಲ್ಲ.

ಅವತ್ತು ಬಿಟ್ಟ ಸಾಲನ್ನು ಈಗ ಬರೆಯುತ್ತಿದ್ದೇನೆ: ಅವರ ತಪ್ಪನ್ನು ನಾವು ಯಾರೂ ಹಿಡಿಯಲಿಲ್ಲ, ಅವರೇ ಬಂದು ಹೇಳಿದರು.