ಬೇಸಿಗೆಯಲ್ಲೂ ದಪ್ಪವಾಗುತ್ತಿದ್ದ ಮರ

ದೋಣಿಗಲ್ ಹತ್ತಿರದ ಕಾಡಂಚಿನಲ್ಲಿ ಮರಗಳ ಸುತ್ತಳತೆ ತೆಗೆಯುವುದು ಆಗ ನನ್ನ ಕೆಲಸ. ಬೇಸಿಗೆಗೆ ಎಲ್ಲ ಮರಗಳೂ ಬೆಳೆಯುವುದನ್ನು ನಿಲ್ಲಿಸಿದ್ದರೂ ಒಂದು ಧೂಪದ ಮರ ಮಾತ್ರ ದಪ್ಪವಾಗುತ್ತಲೇ ಇತ್ತು. ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಯಾಕೆಂದು ಕೇಳಿದ. "ಇದರ ಬೇರಿಗೆ ಅಂತರ್ಜಲ ಸಿಕ್ಕಿದೆ ಕಣ್ರೀ" ಎಂದು ಜಂಬದಿಂದ ವಿವರಿಸಿದೆ.

ಮರುವರ್ಷ ಕಾಫಿ ಅರಳಿಸುವ ಹೂಮಳೆ ಕೈಕೊಟ್ಟಿತು. ಹೋಗಿ ನೋಡಿದರೆ ಮರದಿಂದ ಹತ್ತೇ ಹೆಜ್ಜೆಗೆ, ಎಸ್ಟೇಟಿನ ಬೇಲಿಯೊಳಗೆ, ಬೋರ್‌ವೆಲ್! ಕೆಳಗಿನ ತೋಟದಲ್ಲಿ ಸ್ಪ್ರಿಂಕ್ಲರ್ ಭರ್ಜರಿಯಾಗಿ ತಿರುಗುತ್ತಿತ್ತು. ಮರಕ್ಕೆ ಟೇಪು ಸುತ್ತಿದೆ. ಈ ಬೇಸಿಗೆ ಅದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

"ನೀವು ಹೇಳ್ದಂಗೇ ನೀರು ಸಿಕ್ಬುಡ್ತು ಸಾರ್, ಒಳ್ಳೇ ಸೆಲೆ ಐತೆ!" ರೈಟರ್ ಓಡಿಬಂದು ನನ್ನ ಕೈಗೆ ಒಂದು ಕೇಜಿ ಕಾಫಿಪುಡಿ ಇಟ್ಟ.

ಬೆಳವಣಿಗೆ ನಿಂತದ್ದಕ್ಕೆ ಮಳೆಯ ಅಭಾವವೇ ಕಾರಣ ಎಂದು ವರದಿ ಬರೆದೆ. ಕಾಫಿ ಚೆನ್ನಾಗಿತ್ತು.