ವಲೇರಿಯನ್ನರ ಪೋಲೆಂಡಿನ ಅಜ್ಜಿ

ವಲೇರಿಯನ್ ಡಿಸೋಜರು ಬಿಸಿಲಿಗೆ ಕಪ್ಪಾಗುತ್ತಿರಲಿಲ್ಲ, ಕೆಂಪಾಗುತ್ತಿದ್ದರು. ಮಸ್ಕತ್ತಿನಲ್ಲಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನಮ್ಮಂಥವರ ಕುತ್ತಿಗೆ, ಮುಂಗೈ ಎಲ್ಲ ಮಸಿ ಹಿಡಿದಂತಾಗುತ್ತವೆ. ಅವರಿಗೆ ಮೊದಲು ಕಿವಿ ಕೆಂಪೇರುತ್ತಿತ್ತು, ಆಮೇಲೆ ಮೂಗಿನ ತುದಿಯ ಸಿಪ್ಪೆ ಏಳುತ್ತಿತ್ತು. ಕಣ್ಣು ಬೂದು ಬಣ್ಣದವು. ಅಲ್ಲಿನ ರೂವಿ ಪೇಟೆಯಲ್ಲಿ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಕಟ್ಟಡ ಸಾಮಗ್ರಿಯ ಅಂಗಡಿಯಲ್ಲಿ ಗೋದಾಮು ಅವರ ಕೈಯಲ್ಲಿತ್ತು, ಲೆಕ್ಕಪತ್ರ ನನ್ನ ಕೈಯಲ್ಲಿ. ಲಾರಿಯಿಂದ ಸರಕು ಇಳಿಸಿಕೊಂಡು ಅವರು ಒಳಗೆ ಬಂದರೆ ನಮ್ಮ ಬ್ಯಾರಿ ಡ್ರೈವರ್ ಹಮೀದ್ ಸುಮ್ಮನೆ ಬಿಡುತ್ತಿರಲಿಲ್ಲ.

"ಎಂತ ಸಾಹೇಬ್ರೆ, ನಿಮ್ಮನ್ನು ಈಗಷ್ಟೇ ತಂದೂರಿಯಿಂದ ತೆಗ್ದದ್ದಾ?"

"ಇಲ್ಲ ಹಮೀದ್, ಒಂದು ಬದಿ ಬೇಯ್ಲಿಕ್ಕೆ ಬಾಕಿ ಉಂಟು," ಎಂದು ಅವರು ಮತ್ತೆ ಹೊರಗೆ ಹೋಗುತ್ತಿದ್ದರು.

ವಾಸದ ಕಾರ್ಡು ಹೊಸದು ಮಾಡಿಸಲು ಒಮ್ಮೆ ಒಟ್ಟಿಗೆ ಹೋಗಿದ್ದೆವು. ಕೌಂಟರಿನ ಒಮಾನಿ ಹುಡುಗ ಅವರ ಮುಖ ನೋಡಿದ, ಕಾರ್ಡು ನೋಡಿದ. "ಇಂತ ಹಿಂದಿ?" ನೀನು ಇಂಡಿಯಾದವನಾ ಎಂದು. ಹೌದೆಂದು ಇವರು ತಲೆಯಾಡಿಸಿದರು. "ವಲ್ಲಾಹ್!" ಎಂದು ನಗುತ್ತ ಅವನು ಮೊಹರು ಒತ್ತಿದ. ಹೊರಗೆ ಬಂದ ಮೇಲೆ ವಲೇರಿಯನ್ನರು ಹೇಳಿದರು: "ಊರಲ್ಲೂ ಇದೇ ಪ್ರಶ್ನೆ ಶೆಟ್ರೆ. ಇಲ್ಲಿಯವರು ಕಾರ್ಡು ನೋಡಿ ಆದ್ರೂ ನಂಬ್ತಾರೆ."

ಅಲ್ ಹೈಲ್‌ನಲ್ಲಿ ನಮ್ಮಿಬ್ಬರ ವಾಸವೂ ಒಂದೇ ಕಟ್ಟಡದಲ್ಲಿ. ಅವರ ಹಳೆಯ ಕಾರಿನಲ್ಲಿ ದಿನಾ ರೂವಿಗೆ ಹೋಗಿಬರುತ್ತಿದ್ದೆವು. ಅವರನ್ನು ನಾನು, ಕ್ರೈಸ್ತರನ್ನು ಕರೆಯುವ ನಮ್ಮ ತುಳುವರ ಕ್ರಮದಂತೆ, ಪೊರ್ಬುಗಳೇ ಎಂದು ಕರೆಯುತ್ತಿದ್ದೆ. ಕಾರಿನಲ್ಲಿ ನಾನು ಊರಿನ ಸುದ್ದಿ ಹೇಳುತ್ತಿದ್ದೆ: ಯಾರ ಮಗಳು ಯಾರ ಜೊತೆ ಹೋದಳು, ಯಾರು ಯಾರ ಜಾಗ ನುಂಗಿದರು. ಅವರು ಕೊನೆಯವರೆಗೂ ಕೇಳಿ ಒಂದೇ ಮಾತು ಕೇಳುತ್ತಿದ್ದರು.

"ಅದು ಬರ್ದಿಟ್ಟದ್ದು ಎಲ್ಲಿಯಾದ್ರೂ ಉಂಟಾ?"

ಇಲ್ಲವೆಂದರೆ ರೇಡಿಯೊ ಹಾಕುತ್ತಿದ್ದರು. ಮೊದಮೊದಲು ಇದು ಗೋದಾಮಿನವರ ಅಭ್ಯಾಸ ಎಂದುಕೊಂಡಿದ್ದೆ. ಅಜ್ಜಿಯ ವಿಷಯ ಗೊತ್ತಾದ ಮೇಲೆ ಅದರ ಮೂಲ ಗೊತ್ತಾಯಿತು.

ಅಜ್ಜಿ ಸೋಫಿಯಾ ಪೋಲೆಂಡಿನವಳು. ಮಹಾಯುದ್ಧದ ಕಾಲದಲ್ಲಿ ರಷ್ಯಾದ ಸೈನಿಕರು ಮನೆಯಿಂದ ಎಬ್ಬಿಸಿ ಸೈಬೀರಿಯಕ್ಕೆ ಸಾಗಿಸಿದ ಕುಟುಂಬಗಳಲ್ಲಿ ಅವಳದೂ ಒಂದು. ಅಲ್ಲಿಂದ ಬಿಡುಗಡೆಯಾಗಿ ಇರಾನಿಗೆ, ಇರಾನಿನಿಂದ ಹಡಗಿನಲ್ಲಿ ಕರಾಚಿಗೆ, ಕೊನೆಗೆ ಕೊಲ್ಲಾಪುರದ ಪಕ್ಕ ಅಂಥ ನಿರಾಶ್ರಿತರಿಗಾಗಿ ಕಟ್ಟಿದ ಶಿಬಿರಕ್ಕೆ. ಮಂಗಳೂರಿನ ಪಾಸ್ಕಲ್ ಡಿಸೋಜ ಆ ಶಿಬಿರದ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ. ಯುದ್ಧ ಮುಗಿದು ಉಳಿದವರು ಇಂಗ್ಲೆಂಡು, ಆಫ್ರಿಕಾ ಎಂದು ಚದುರುವ ಹೊತ್ತಿಗೆ ಪಾಸ್ಕಲ್ ಅವಳನ್ನೂ ಒಂದು ಹಸುಗೂಸನ್ನೂ ಕರೆದುಕೊಂಡು ಊರಿಗೆ ಬಂದ. ಬಂದ ಮರುವರ್ಷವೇ ಟೈಫಾಯಿಡ್ ಬಂದು ಸತ್ತ.

ಅವನ ಮನೆಯವರು ಸೋಫಿಯಾಳನ್ನು ಸೊಸೆಯೆಂದು ಒಪ್ಪಲಿಲ್ಲ. ಮದುವೆಯಾದದ್ದಕ್ಕೆ ಗುರುತೇನು ಎಂದರು. ಶಿಬಿರ ಮುಚ್ಚಿತ್ತು, ಮದುವೆ ಮಾಡಿಸಿದ ಪಾದ್ರಿ ಯಾವ ದೇಶಕ್ಕೆ ಹೋದರೋ, ಅವಳ ಕೈಯಲ್ಲಿ ಚೂರು ಕಾಗದ ಇರಲಿಲ್ಲ. ಕನ್ಯಾಸ್ತ್ರೀಯರ ಮಠವೊಂದರಲ್ಲಿ ಬಟ್ಟೆ ಹೊಲಿದು ಮಗನನ್ನು ಬೆಳೆಸಿದಳು. ಆ ಮಗನೇ ವಲೇರಿಯನ್ನರ ತಂದೆ.

"ಅಜ್ಜಿ ಬೀಟ್‌ರೂಟಿನ ಸಾರು ಮಾಡ್ತಿದ್ಳು," ಎಂದು ಅವರು ಒಮ್ಮೆ ಹೇಳಿದರು. "ಹುಳಿಗೆ ಬಿಂಬುಳಿ ಹಾಕ್ತಿದ್ಳು. ಅವಳ ಊರಿನ ರುಚಿ ಬರ್ಲಿಲ್ಲ ಅಂತ ದಿನಾ ಬೈಕೊಂಡೇ ತಿನ್ನುವುದು. ಬೈಗಳು ಮಾತ್ರ ಕೊಂಕಣಿಯಲ್ಲಿ, ಅದರಲ್ಲಿ ಅವಳನ್ನು ಮೀರಿಸುವವರು ನಮ್ಮ ವಠಾರದಲ್ಲಿ ಇರ್ಲಿಲ್ಲ."

ಅವಳು ಸತ್ತಾಗ ಡಿಸೋಜ ಕುಟುಂಬದ ಗೋರಿಯಲ್ಲಿ ಜಾಗ ಸಿಗಲಿಲ್ಲ. ಗೋಡೆಯ ಬದಿ, ದಿಕ್ಕಿಲ್ಲದವರನ್ನು ಮಣ್ಣು ಮಾಡುವಲ್ಲಿ ಇಟ್ಟರು. ವಲೇರಿಯನ್ನರು ಆಗ ಹೈಸ್ಕೂಲಿನಲ್ಲಿದ್ದರು. ಅಜ್ಜನ ತಂಗಿ ಲಿಲ್ಲಿಬಾಯಿ ಅಲ್ಲಿಯೇ ನಿಂತು ಇನ್ನೊಬ್ಬ ಹೆಂಗಸಿಗೆ, "ಪಾಸ್ಕಲ್ ಇಟ್ಟುಕೊಂಡಿದ್ದ ಬಿಳಿಯವಳು," ಎಂದದ್ದನ್ನು ಅವರು ಕೇಳಿಸಿಕೊಂಡರು. ಇದನ್ನು ನನಗೆ ಹೇಳುವಾಗ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಹೇಳಿ ಮುಗಿಸಿ, ಕನ್ನಡಿ ನೋಡಿ, ಮತ್ತೆ ಹೊರಡಿಸಿದರು.

ಒಮಾನಿಗೆ ಬಂದಾಗಿನಿಂದ ರಜಾದಿನಗಳಲ್ಲಿ ಅವರು ಮಾಡುತ್ತಿದ್ದದ್ದು ಇದೊಂದೇ ಕೆಲಸ: ಅಜ್ಜಿಯನ್ನು ಹುಡುಕುವುದು. ಪೋಲೆಂಡಿನ ದಾಖಲೆ ಕಚೇರಿಗಳಿಗೆ, ಲಂಡನ್ನಿನಲ್ಲಿ ನೆಲೆಸಿದ ಶಿಬಿರದ ಹಳಬರಿಗೆ ಬರೆಯುತ್ತಿದ್ದರು. ಬಂದದ್ದನ್ನೆಲ್ಲ ನಮ್ಮ ಆಫೀಸಿನ ಮೆಷಿನ್ನಿನಲ್ಲಿ ನಾನು ಅಚ್ಚು ತೆಗೆದುಕೊಡುತ್ತಿದ್ದೆ. ಸೈಬೀರಿಯದಿಂದ ಬಿಡುಗಡೆಯಾದವರ ಪಟ್ಟಿಯಲ್ಲಿ ಸೋಫಿಯಾ, ಅವಳ ತಾಯಿ, ಒಬ್ಬ ತಮ್ಮ, ಹೀಗೆ ಮೂರು ಹೆಸರುಗಳು ಒಂದರ ಕೆಳಗೊಂದು ಇದ್ದವು. ಬಹಳ ತಿಂಗಳ ಮೇಲೆ ಇರಾನಿನಿಂದ ಹಡಗು ಹತ್ತಿದವರ ಪಟ್ಟಿ ಬಂತು. ಅದರಲ್ಲಿ ಸೋಫಿಯಾ ಒಬ್ಬಳೇ ಇದ್ದಳು. ಅವರು ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು. ಆ ಸಂಜೆ ಮನೆಗೆ ಹೋಗದೆ ಸೀಬಿನ ಕಡಲ ಬದಿಗೆ ಗಾಡಿ ಬಿಟ್ಟರು. ಮೀನುಗಾರರು ದೋಣಿ ಎಳೆಯುತ್ತಿದ್ದರು.

"ಆ ಹಡಗು ಇದೇ ನೀರಲ್ಲಿ ಹೋದದ್ದು ಶೆಟ್ರೆ. ನನಗೆ ಹೇಳ್ಲೇ ಇಲ್ಲ ನೋಡಿ ಅವಳು, ತಮ್ಮ ಇದ್ದ ಅಂತ."

ಶಿಬಿರದ ಪಟ್ಟಿಯೂ ಸಿಕ್ಕಿತು. ಮಗುವಿನ ಹುಟ್ಟೂ ಸಿಕ್ಕಿತು. ಮದುವೆ ಮಾತ್ರ ಎಲ್ಲೂ ಸಿಗಲಿಲ್ಲ. ಊರಿನ ಇಗರ್ಜಿಗೆ, ಅಜ್ಜನ ಮನೆಯವರ ಚರ್ಚಿಗೆ, ಎಷ್ಟು ಸಲ ಬರೆದರೂ ಒಂದೇ ಉತ್ತರ: ನಮ್ಮ ಮದುವೆಯ ಪುಸ್ತಕದಲ್ಲಿ ಆ ಹೆಸರುಗಳಿಲ್ಲ.

ಅವರ ಮಗ ರೋಹನ್ ಮಸ್ಕತ್ತಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದ. ಅವನ ಹುದ್ದೆಯನ್ನು ಇನ್ನು ಸ್ಥಳೀಯರಿಗೇ ಕೊಡುವುದೆಂದು ಆಡಳಿತದವರು ತಿಳಿಸಿದ ವರ್ಷ, ಅವನಿಗೆ ಈ ಹುಡುಕಾಟದಲ್ಲಿ ಮೊದಲ ಸಲ ಆಸಕ್ತಿ ಹುಟ್ಟಿತು. ಹೆಂಡತಿ ಜೆನಿ ಬಸುರಿ. ಮುತ್ತಜ್ಜಿ ಪೋಲೆಂಡಿನವಳಾದರೆ ತಮಗೂ ಪೋಲೆಂಡಿನ ಪಾಸ್‌ಪೋರ್ಟು ಸಿಗಬಹುದೆಂದು ಅವನಿಗೆ ಯಾರೋ ಹೇಳಿದ್ದರು. ವಾರ್ಸಾದ ವಕೀಲೆಯೊಬ್ಬಳಿಗೆ ಬರೆದ. ಅವಳ ಉತ್ತರ ಸ್ಪಷ್ಟವಾಗಿತ್ತು. ಆ ಕಾಲದ ಕಾನೂನಿನಂತೆ ಸೋಫಿಯಾ ಮದುವೆಯಾಗಿದ್ದರೆ ಗಂಡನ ದೇಶದವಳು, ಮಗುವೂ ಅವನ ದೇಶದ್ದೇ. ಮದುವೆಯಾಗಿರದಿದ್ದರೆ ಮಗು ತಾಯಿಯ ದೇಶದ್ದು, ಅವನ ಮಕ್ಕಳು ಮೊಮ್ಮಕ್ಕಳೂ ಪೋಲೆಂಡಿನವರು.

ರೋಹನ್ ಕುಣಿಯುತ್ತ ಬಂದ. "ಡ್ಯಾಡಿ, ನಮಗೆ ಲಾಟರಿ! ಊರವರೆಲ್ಲ ಮದುವೆ ಆಗ್ಲಿಲ್ಲ ಅಂತಲೇ ಹೇಳುವುದಲ್ವಾ?"

ಅವನು ಲಿಲ್ಲಿಬಾಯಿಗೆ ವಿಡಿಯೊ ಕರೆ ಮಾಡಿದಾಗ ನಾನು ಅಲ್ಲಿದ್ದೆ. ತೊಂಬತ್ತರ ಹತ್ತಿರದ ಹೆಂಗಸು, ಧ್ವನಿ ಗಟ್ಟಿ. "ಬರ್ದು ಕೊಡ್ತೇನೆ ಬಾಬಾ, ಎಲ್ಲಿ ಬೇಕಾದ್ರೂ ಸೈನ್ ಹಾಕ್ತೇನೆ. ನಾವು ಮೊದಲಿಂದ ಹೇಳ್ತಿದ್ದದ್ದು ಅದನ್ನೇ," ಎಂದರು. ವಾರದೊಳಗೆ ಬರೆದೂ ಕಳಿಸಿದರು. ಆದರೆ ಹಾಗೇ ಇನ್ನೊಂದು ಹೇಳಿಕೆಗೆ, ಸೋಫಿಯಾಳ ವಂಶದಲ್ಲಿ ಬದುಕಿರುವ ಹಿರಿಯರೆಂದು, ವಲೇರಿಯನ್ನರ ಸಹಿಯೂ ಬೇಕಿತ್ತು.

"ನನಗೆ ಗೊತ್ತಿಲ್ಲದ್ದಕ್ಕೆ ನಾನು ಸೈನ್ ಹಾಕುವುದಿಲ್ಲ," ಎಂದರು ಅವರು. "ಇಗರ್ಜಿಯವರು ಇಲ್ಲ ಅಂತ ಬರ್ದು ಕೊಡ್ಲಿ. ಕೊಟ್ರೆ ನಾನು ಅಡ್ಡ ಬರುವುದಿಲ್ಲ."

ರೋಹನ್ ತಂದೆಯ ಹೆಸರಿನಲ್ಲೇ ಬರೆದ: ಪಾಸ್ಕಲ್ ಡಿಸೋಜನಿಗೆ ಮದುವೆ ದಾಖಲಾಗಿಲ್ಲ ಎಂದು ಒಂದು ಪತ್ರ ಬೇಕು. ಇಗರ್ಜಿಗೆ ಅಷ್ಟರಲ್ಲಿ ಹೊಸ, ಎಳೆಯ ಪಾದ್ರಿಯೊಬ್ಬರು ಬಂದಿದ್ದರು. ಅವರು ಮದುವೆಯ ಪುಸ್ತಕ ನೋಡಿ ಸುಮ್ಮನಾಗಲಿಲ್ಲ, ಕೂಸುಗಳಿಗೆ ಹೆಸರಿಡುವಾಗ ಬರೆಯುವ ಜ್ಞಾನಸ್ನಾನದ ಪುಸ್ತಕದಲ್ಲಿ ಪಾಸ್ಕಲನ ಪುಟ ತೆಗೆದರು. ಒಬ್ಬನಿಗೆ ಪರವೂರಿನಲ್ಲಿ ಮದುವೆಯಾದರೆ ಅಲ್ಲಿನ ಪಾದ್ರಿ ಅವನ ಹುಟ್ಟೂರಿನ ಇಗರ್ಜಿಗೆ ತಿಳಿಸುವುದು, ಇಲ್ಲಿನವರು ಅದನ್ನು ಅವನ ಜ್ಞಾನಸ್ನಾನದ ಸಾಲಿನ ಪಕ್ಕ, ಪುಟದ ಅಂಚಿನಲ್ಲಿ ಬರೆದುಕೊಳ್ಳುವುದು ಅವರಲ್ಲಿ ಹಳೆಯ ಪದ್ಧತಿಯಂತೆ. ಪಾಸ್ಕಲ್ ಹುಟ್ಟಿದ್ದನ್ನು ಯಾರೂ ಅನುಮಾನಿಸಿರಲಿಲ್ಲ. ಹಾಗಾಗಿ ಆ ಪುಟವನ್ನು ಯಾರೂ ಕೇಳಿರಲಿಲ್ಲ.

ಪಾದ್ರಿ ಪುಟದ ಚಿತ್ರವನ್ನೂ ಸಹಿ ಮೊಹರು ಹಾಕಿದ ಪತ್ರವನ್ನೂ ಆಫೀಸಿನ ವಿಳಾಸಕ್ಕೆ ಕಳಿಸಿದರು. ಲಕೋಟೆಯನ್ನು ಗೋದಾಮಿಗೆ ಒಯ್ದುಕೊಟ್ಟವನು ನಾನು. ಅಂಚಿನಲ್ಲಿ, ಮಾಸಿದ ಶಾಯಿಯಲ್ಲಿ, ಲ್ಯಾಟಿನಿನಲ್ಲಿ, ಶಿಬಿರದ ದೇವಾಲಯದ ಹೆಸರು, ಸೋಫಿಯಾಳ ಹೆಸರು. ಮಗು ಹುಟ್ಟುವುದಕ್ಕೆ ಒಂದು ವರ್ಷ ಮೊದಲಿನ ತಾರೀಕು. ವಲೇರಿಯನ್ನರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ನನಗೂ ಓದಲು ಹೇಳಿದರು. ಆಮೇಲೆ ಟೈಲ್ಸಿನ ಪೆಟ್ಟಿಗೆಯ ಮೇಲೆ ಕುಳಿತು ಅತ್ತರು. ನಾನು ಬಾಗಿಲು ಮುಂದೆ ಮಾಡಿ ಹೊರಗೆ ನಿಂತೆ.

ಶುಕ್ರವಾರ ಅವರ ಮನೆಯಲ್ಲಿ ಊಟ. ನಾನಿದ್ದ ಕಾರಣ ತಂದೆ ಮಗ ಕನ್ನಡದಲ್ಲೇ ಮಾತಾಡಿದರು. ರೋಹನ್ ಕಾಗದವನ್ನು ನೋಡಿ ಮಗುಚಿ ಇಟ್ಟ.

"ಇದು ನಮ್ಮ ಹತ್ರವೇ ಇರ್ಲಿ ಡ್ಯಾಡಿ. ವಕೀಲರಿಗೆ ಇದು ಬಂದದ್ದು ಗೊತ್ತಿಲ್ಲ. ನೀವು ಸೈನ್ ಹಾಕಿ, ಖಲಾಸ್."

"ಏನಂತ ಸೈನ್ ಹಾಕ್ಬೇಕು? ಅವಳಿಗೆ ಗಂಡ ಇರ್ಲಿಲ್ಲ ಅಂತ?"

"ಅವಳು ಹೋಗಿ ನಲ್ವತ್ತು ವರ್ಷ ಆಯ್ತು. ಜೆನಿ ಒಳಗೆ ಮಲಗಿದ್ದಾಳೆ, ಬರುವ ತಿಂಗಳು ಡೆಲಿವರಿ. ನನ್ನ ವೀಸಾ ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ. ಸತ್ತವರಿಗೆ ಇಷ್ಟು ಮಾಡ್ತೀರಲ್ಲ, ನಮಗೆ?"

ವಲೇರಿಯನ್ನರು ತಟ್ಟೆಯ ಅನ್ನವನ್ನು ಒಂದು ಬದಿಗೆ ಸರಿಸಿದರು. "ರೋಹನ್, ಅವಳ ಮನೆ ಹೋಯ್ತು, ಅಮ್ಮ ಹೋದಳು, ತಮ್ಮ ಹೋದ. ಅವಳದ್ದು ಅಂತ ಉಳಿದದ್ದು ಇದೊಂದು ಮದುವೆ. ಅದನ್ನು ಲಿಲ್ಲಿ ತೆಗೆದದ್ದು ಸಾಕಾಗ್ಲಿಲ್ಲವಾ? ನಾನೂ ತೆಗೀಬೇಕಾ?"

"ಹಾಗಾದ್ರೆ ನನ್ನ ಮಗುವಿಗೆ ನೀವೇ ಹೇಳಿ," ಎಂದು ರೋಹನ್ ಎದ್ದು ಕೈ ತೊಳೆದ.

ಅವರು ಸಹಿ ಹಾಕಲಿಲ್ಲ. ವಕೀಲೆಗೆ ಇಷ್ಟೇ ಬರೆದರು: ಅರ್ಜಿ ಮುಂದುವರಿಸುವುದು ಬೇಡ. ಮೊಮ್ಮಗಳು ಹುಟ್ಟಿದ ಮೇಲೆ ರೋಹನ್ ಕುವೈತಿನಲ್ಲಿ ಮೊದಲಿಗಿಂತ ಸಣ್ಣ ಕೆಲಸ ಹಿಡಿದು ಹೊರಟುಹೋದ. ತಂದೆಗೆ ಹಬ್ಬಕ್ಕೊಂದು ಸಂದೇಶ ಬರುತ್ತಿತ್ತು.

ವಲೇರಿಯನ್ನರು ಕಾಗದ ಹಿಡಿದುಕೊಂಡು ಊರಿಗೆ ಹೋದರು. ಲಿಲ್ಲಿಬಾಯಿಯ ಮುಂದೆ ಅದನ್ನು ಇಡಬೇಕು, ಅಜ್ಜಿಯ ಎಲುಬುಗಳನ್ನು ಕುಟುಂಬದ ಗೋರಿಗೆ ತರಬೇಕು ಎಂಬ ಆಸೆ. ಗೋಡೆಯ ಬದಿಯ ಜಾಗವನ್ನು ಎಂದೋ ಅಗೆದು ಬೇರೆಯವರನ್ನು ಮಣ್ಣು ಮಾಡಿದ್ದರು. ತಿರುಗಿ ಬಂದವರು ನನ್ನ ಮನೆಯ ಸೋಫಾದಲ್ಲಿ ಕುಳಿತು ಉಳಿದದ್ದನ್ನು ಹೇಳಿದರು.

"ಲಿಲ್ಲಿಬಾಯಿ ಕಾಗದ ಓದ್ಲೂ ಇಲ್ಲ ಶೆಟ್ರೆ. ಗೊತ್ತುಂಟು ಬಾಬಾ ಅಂದ್ರು. ಕೊಲ್ಲಾಪುರದಿಂದ ಮದುವೆಯ ಪತ್ರ ಬಂದ ದಿನ ಆಗಿನ ಪಾದ್ರಿಯವರು ಅವರ ಅಪ್ಪನನ್ನು ಕರ್ಸಿ ಹೇಳಿದ್ರಂತೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತಂತೆ."

"ಮತ್ತೆ ಯಾಕೆ?" ಎಂದೆ.

"ಒಪ್ಪಿದ್ರೆ ಮನೆಹಿತ್ತಿಲಲ್ಲಿ ನನ್ನ ಅಪ್ಪನಿಗೆ ಪಾಲು ಬರ್ತಿತ್ತಲ್ಲ. ಅದನ್ನೂ ಅವರೇ ಹೇಳಿದ್ರು. ಹೇಳಿ, ಬಿಸಿ ಉಂಟು ಕುಡಿ ಅಂತ ಚಾ ಕೊಟ್ರು."

"ನೀವೇನು ಮಾಡಿದಿರಿ?"

"ಕುಡಿದೆ," ಎಂದರು.

ಕೆಲಸ ಬಿಟ್ಟು ಮಂಗಳೂರಿಗೆ ಹೊರಡುವ ದಿನ ಅಜ್ಜಿಯ ಫೈಲನ್ನು ನನ್ನ ಕೈಯಲ್ಲಿಟ್ಟರು. "ರೋಹನ್ ಒಂದಲ್ಲ ಒಂದು ದಿನ ಕೇಳ್ತಾನೆ. ನನ್ನ ಹತ್ರ ಕೇಳ್ಲಿಕ್ಕೆ ಅವನಿಗೆ ಮನಸ್ಸು ಬರ್ಲಿಕ್ಕಿಲ್ಲ. ನಿಮ್ಮ ಹತ್ರ ಕೇಳಿದ್ರೆ ಕೊಡಿ." ಏರ್‌ಪೋರ್ಟಿನ ಗಾಜಿನ ಬಾಗಿಲ ಒಳಗೆ ಹೋದವರು ಹಿಂದೆ ನೋಡಲಿಲ್ಲ. ಅದೇ ಕೊನೆ. ಮಂಗಳೂರಿನ ಬಾಡಿಗೆ ಮನೆಯಲ್ಲಿ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದರೆಂದು ಹಮೀದ್ ನನಗೆ ಫೋನ್ ಮಾಡಿ ತಿಳಿಸಿದ.

ಅಂತ್ಯಕ್ರಿಯೆ, ಇಗರ್ಜಿಯ ಪೂಜೆಗಳೆಲ್ಲ ಮುಗಿದ ಮೇಲೆ ಕುವೈತಿನಿಂದ ರೋಹನ್ ಕರೆ ಮಾಡಿದ.

"ಅಂಕಲ್, ಡ್ಯಾಡಿಯ ಫೈಲ್ ನಿಮ್ಮ ಹತ್ರ ಉಂಟಲ್ಲ?"

ಅವರ ಮಾತು ನಿಜವಾಯಿತೆಂದು ಕಪಾಟಿನಿಂದ ಫೈಲು ಇಳಿಸಿಕೊಂಡೆ. "ಉಂಟು ಮಗಾ, ನಾಳೆಯೇ ಕಳಿಸ್ತೇನೆ."

"ಕಳಿಸುವುದು ಬೇಡ. ಆ ಮದುವೆಯ ಕಾಗದ ಡ್ಯಾಡಿ ವಕೀಲರಿಗೆ ಕಳಿಸಿರ್ಲಿಲ್ಲ ಅಲ್ವಾ?"

"ಕಳಿಸಿರಲಿಲ್ಲ."

"ಹಾಗಾದ್ರೆ ಸರಿ. ಲಿಲ್ಲಿಬಾಯಿಯದ್ದು ಸೈನ್ ಆಗಿ ಉಂಟು. ಇನ್ನೊಂದು ಸೈನ್ ಈಗ ನಾನೇ ಹಾಕ್ಬಹುದಂತೆ. ನೀವು ಅದೊಂದನ್ನು ಹರ್ದು ಹಾಕಿ ಅಂಕಲ್."

ನಾನು ಹರಿದರೇನು, ಪುಸ್ತಕ ಇಗರ್ಜಿಯಲ್ಲೇ ಇದೆಯಲ್ಲ ಎಂದೆ.

"ಇರ್ಲಿ ಬಿಡಿ," ಎಂದ ರೋಹನ್. "ಇಷ್ಟು ವರ್ಷ ಅದನ್ನು ಯಾರು ತೆರ್ದು ನೋಡಿದ್ದಾರೆ?"